ದೇವಳಾಲಿಯ ಗಣಿತೋಪಾಧ್ಯಾಯರು

ಪುಣೆಯ ಫರ್ಗ್ಯುಸನ್ ಕಾಲೇಜನ್ನು ಅರಿಯದ ವಿದ್ಯಾರ್ಥಿಯು ನಮ್ಮಲ್ಲಿ ಇರಲಾರನು. 1885ರಲ್ಲಿ ಸ್ಥಾಪಿತವಾದ ಆ ವಿದ್ಯಾಲಯಕ್ಕೆ ಗಣಿತದ ನಂಟು ಬಹು ಹಳೆಯದು. 1899ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಅಗ್ರಸ್ಥಾನವನ್ನು ಪಡೆದು ಸೀನಿಯರ್ ರ‍್ಯಾಂಗ್ಲರ್ ಎನಿಸಿಕೊಂಡ ಮೊದಲ ಭಾರತೀಯರಾದ ರಘುನಾಥ ಪುರುಷೋತ್ತಮ ಪರಾಂಜಪೆಯವರು ಅನೇಕ ವರ್ಷ ಅಲ್ಲಿಯ ಪ್ರಾಚಾರ್ಯರಾಗಿದ್ದರು. ಅವರ ಹೆಸರಿನಲ್ಲಿ ಸ್ವತಂತ್ರ ಗಣಿತಲೇಖನಕ್ಕಾಗಿ ಒಂದು ಪಾರಿತೋಷಕವಿದ್ದಿತು. 1927ರಲ್ಲಿ ಅದನ್ನು ಗಳಿಸಿದ ವಿದ್ಯಾರ್ಥಿಯು ಮುಂದೆ ದೊಡ್ಡ ಪ್ರಾಧ್ಯಾಪಕನಾಗಲಿಲ್ಲ. ವಿದೇಶಕ್ಕೆ ಹೋಗಿ ಉಚ್ಚ ಪದವಿಯನ್ನು ತರಲಿಲ್ಲ. ಒಂದು ಸಣ್ಣ ಊರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಆಯುಷ್ಯವನ್ನು ಕಳೆದನು. ಆದರೆ ಇಂದು ಜಗತ್ತಿನ ಯಾವ ದೇಶದಲ್ಲಿಯಾದರೂ ಸಂಖ್ಯೆಗಳ ವಿನೋದವನ್ನು ಬಲ್ಲವರ ಮುಂದೆ 6174 ಎಂದು ಬರೆದರೆ ಸಾಕು, ಅವರು ಆತನ ಹೆಸರನ್ನು ಹೇಳುವರು. ಆತನೇ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ.

ಕಾಪ್ರೇಕರರು 1905ನೆಯ ಇಸವಿ ಜನವರಿ 17ರಂದು ಮುಂಬಯಿಯ ಉತ್ತರಕ್ಕಿರುವ ಡಹಾಣೂ ಎಂಬ ಊರಿನಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ತಂದೆ ಗುಮಾಸ್ತರು, ಅವರಿಗೆ ಜ್ಯೋತಿಷ್ಯದ ಹವ್ಯಾಸವಿದ್ದಿತು. ಜಾತಕ ಹಾಕುವವನಿಗೆ ಆಳವಾದ ಗಣಿತವು ಬೇಕಾಗದಿದ್ದರೂ ಕೂಡುವ ಕಳೆಯುವ ಗುಣಿಸುವ ಲೆಕ್ಕಗಳು ನಾಲಗೆಯ ತುದಿಯಲ್ಲಿರಬೇಕಾಗುತ್ತದೆ. ತಾಯಿಯಿಲ್ಲದ ಬಾಲಕನಿಗೆ ತಂದೆಯ ಈ ಲೆಕ್ಕಗಳೇ ಆಟಿಗೆಗಳಾದವು. ಜ್ಯೋತಿಷ್ಯವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಈ ಒಂದು ಮನೆಯಲ್ಲಂತೂ ಅದರಿಂದ ಗಣಿತಕ್ಕೆ ಉಪಕಾರವಾಯಿತೆಂದು ಒಪ್ಪಬೇಕು. ಠಾಣೆಯಲ್ಲಿ ಪ್ರೌಢಶಿಕ್ಷಣವನ್ನು ಮುಗಿಸಿ 1923ರಲ್ಲಿ ಅವರು ಪುಣೆಗೆ ಬಂದು ಫರ್ಗ್ಯುಸನ್ ಕಾಲೇಜನ್ನು ಸೇರಿದರು. 1929ರಲ್ಲಿ ಬಿ.ಎಸ್‌ಸಿ. ಪದವಿ ದೊರೆಯಿತು. ಮರುವರ್ಷವೇ ನಾಸಿಕದ ಸಮೀಪದ ದಂಡಿನ ಊರಾದ ದೇವಳಾಲಿಯಲ್ಲಿ ಶಾಲಾಶಿಕ್ಷಕರಾದರು. ಅಲ್ಲಿಂದ 1962ರವರೆಗೆ ಮೂವತ್ತೆರಡು ವರ್ಷ ಅದೇ ಊರು, ಅದೇ ವೃತ್ತಿ.

ಶಾಲೆ ಬಿಟ್ಟ ಮೇಲಿನ ವೇಳೆಯೆಲ್ಲ ಸಂಖ್ಯೆಗಳಿಗೆ ಮೀಸಲು. ಪ್ರಯೋಗಶಾಲೆ ಬೇಡ, ದುರ್ಬೀನು ಬೇಡ. ಒಂದು ಕಾಗದ, ಒಂದು ಸೀಸದ ಕಡ್ಡಿ ಸಾಕು. ಪ್ರಯಾಣದಲ್ಲಿಯೂ ಈ ಕೆಲಸ ನಿಲ್ಲುತ್ತಿರಲಿಲ್ಲ. ಅವರು ಶೋಧಿಸಿದ ಒಂದು ಬಗೆಯ ಸಂಖ್ಯೆಗಳಿಗೆ ಡೆಮ್ಲೋ ಸಂಖ್ಯೆಗಳೆಂದು ಹೆಸರು. ಡೆಮ್ಲೋ ಎಂಬುದು ಯಾವ ಪಂಡಿತನ ಹೆಸರೂ ಅಲ್ಲ, ಅಂದಿನ ಜಿ.ಐ.ಪಿ. ರೈಲುಮಾರ್ಗದ ಮೇಲೆ ಮುಂಬಯಿಯಿಂದ ಸುಮಾರು ಮೂವತ್ತು ಮೈಲಿಯ ಒಂದು ನಿಲ್ದಾಣದ ಹೆಸರು, ಈಗಿನ ಡೊಂಬಿವಲಿ. ಆ ವಿಚಾರವು ಅವರಿಗೆ ಹೊಳೆದುದು ಆ ನಿಲ್ದಾಣದಲ್ಲಿ. ಈ ಬಗೆಯ ಸಂಖ್ಯೆಗಳಲ್ಲಿ ಅತ್ಯಂತ ಸುಂದರವಾದವು ಹೀಗಿವೆ. 11ನ್ನು 11ರಿಂದ ಗುಣಿಸಿದರೆ 121. 111ನ್ನು 111ರಿಂದ ಗುಣಿಸಿದರೆ 12321. ಹೀಗೆಯೇ ಒಂಬತ್ತು ಒಂದುಗಳನ್ನು ಬರೆದು ಅದರ ವರ್ಗವನ್ನು ತೆಗೆದರೆ 12345678987654321 ಎಂಬ ಹದಿನೇಳು ಅಂಕಿಗಳ ದೊಡ್ಡ ಸಂಖ್ಯೆಯು ಬರುವುದು. ಒಂದರಿಂದ ಒಂಬತ್ತರವರೆಗೆ ಮೆಟ್ಟಿಲು ಹತ್ತಿ ಮತ್ತೆ ಒಂದರವರೆಗೆ ಇಳಿದಂತೆ ಇದು ಕಾಣುತ್ತದೆ. ಹತ್ತು ಒಂದುಗಳನ್ನು ಬರೆದರೆ ಮಾತ್ರ ಈ ಸೊಗಸು ಕೆಡುತ್ತದೆ. ನಡುವೆ ಹತ್ತು ಬಂದು ದಶಕವು ಎಡಕ್ಕೆ ಸರಿಯುವುದರಿಂದ 1234567900987654321 ಎಂದಾಗುತ್ತದೆ. ಕಾಪ್ರೇಕರರು ಇವುಗಳ ಶಾಸ್ತ್ರವನ್ನು ಕೆ. ಆರ್. ಗುಂಜೀಕರರೊಡನೆ ಸೇರಿ ಬರೆದು 1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಲ್ಲಿ ಕನ್ನಡಿಗರಾದ ನಾವು ತುಸು ನಿಲ್ಲಬೇಕು. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದಿಂದ ರಾಜ್ಯವಾಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನಿದ್ದನು. ಸಂಸ್ಕೃತದಲ್ಲಿ ರಚಿಸಿದ ತನ್ನ ಗಣಿತಸಾರಸಂಗ್ರಹದಲ್ಲಿ ಅವನು ಗುಣಾಕಾರದ ಉದಾಹರಣೆಗಳನ್ನು ಕೊಡುವಾಗ ಇಂತಹ ಫಲಗಳನ್ನೇ ಆರಿಸಿಕೊಂಡು, ಅವನ್ನು ಕಂಠಾಭರಣಗಳೆಂದು ವರ್ಣಿಸುತ್ತಾನೆ. ಎರಡು ತುದಿಯಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಯು ಕೊರಳಹಾರದಂತೆ ತೋರಿದುದರಲ್ಲಿ ಆಶ್ಚರ್ಯವೇನಿದೆ? ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ 12345654321 ಎಂಬ ಸಂಖ್ಯೆಯೂ ಅವನ ಗ್ರಂಥದಲ್ಲಿದೆ. 27994681ನ್ನು 441ರಿಂದ ಗುಣಿಸಿದರೆ ಅದು ಬರುತ್ತದೆ. ಆರು ಒಂದುಗಳ ವರ್ಗವೂ ಅದೇ. ಡೊಂಬಿವಲಿಯ ನಿಲ್ದಾಣದಲ್ಲಿ ಒಬ್ಬ ತರುಣನು ಕಂಡ ಹಾರದ ಮಣಿಗಳು ಸಾವಿರ ವರ್ಷಗಳ ಹಿಂದೆಯೇ ಕನ್ನಡ ದೊರೆಯ ಆಸ್ಥಾನದಲ್ಲಿ ಮಿನುಗಿದ್ದವು.

ಇನ್ನು ಕಾಪ್ರೇಕರರಿಗೆ ಕೀರ್ತಿಯನ್ನು ತಂದ 6174ರ ವಿಷಯ. ಇದನ್ನು ಅವರು ಕಂಡುಹಿಡಿದುದು 1946ರಲ್ಲಿ. ನಾಲ್ಕು ಅಂಕಿಗಳ ಯಾವುದಾದರೊಂದು ಸಂಖ್ಯೆಯನ್ನು ತೆಗೆದುಕೊಳ್ಳಿರಿ. 1111, 2222ರಂತೆ ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು, ಅಷ್ಟೇ. ಅದರ ಅಂಕಿಗಳನ್ನು ಇಳಿಯುವ ಕ್ರಮದಲ್ಲಿ ಬರೆದು, ಅದರಿಂದ ಅವೇ ಅಂಕಿಗಳನ್ನು ಏರುವ ಕ್ರಮದಲ್ಲಿ ಬರೆದುದನ್ನು ಕಳೆಯಿರಿ. ಬಂದ ಶೇಷಕ್ಕೂ ಹಾಗೆಯೇ ಮಾಡಿರಿ. ಸೊನ್ನೆ ಬಂದರೆ ಅದನ್ನೂ ಒಂದು ಅಂಕಿಯೆಂದು ಎಣಿಸಬೇಕು. ಕಾಪ್ರೇಕರರು ಹುಟ್ಟಿದ 1905ನೆಯ ಇಸವಿಯನ್ನೇ ಪರೀಕ್ಷೆಗೆ ತೆಗೆದುಕೊಳ್ಳೋಣ.

9510 − 0159 = 9351
9531 − 1359 = 8172
8721 − 1278 = 7443
7443 − 3447 = 3996
9963 − 3699 = 6264
6642 − 2466 = 4176
7641 − 1467 = 6174

ಮುಂದೆ ಎಷ್ಟು ಸಲ ಮಾಡಿದರೂ ಅದೇ 7641, ಅದೇ 1467, ಅದೇ 6174. ಬೇರೆ ಸಂಖ್ಯೆಯಿಂದ ಹೊರಟರೂ ಬಂದು ಸೇರುವುದು ಇಲ್ಲಿಗೇ. ಯಾವ ಸಂಖ್ಯೆಗೂ ಏಳಕ್ಕಿಂತ ಹೆಚ್ಚು ಸಲ ಕಳೆಯುವ ಪ್ರಸಂಗವು ಬರುವುದಿಲ್ಲ. ಸ್ವಾತಂತ್ರ್ಯ ಬಂದ 1947 ಐದೇ ಹೆಜ್ಜೆಗಳಲ್ಲಿ ಅಲ್ಲಿಗೆ ತಲಪುತ್ತದೆ. ಕಾಪ್ರೇಕರರ ಜನ್ಮವರ್ಷವು ಮಾತ್ರ ಅತಿ ದೀರ್ಘವಾದ ಏಳು ಹೆಜ್ಜೆಗಳ ದಾರಿಯನ್ನು ಹಿಡಿದಿರುವುದು ಒಂದು ವಿನೋದ.

ಹೀಗೇಕೆ ಆಗಬೇಕು? ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ 1000ದಿಂದ 9999ರವರೆಗಿನ ಅಷ್ಟೂ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಸುಲಭವಲ್ಲ. ಮೊದಲು ಮೂರು ಅಂಕಿಗಳ ಸಂಖ್ಯೆಯನ್ನು ನೋಡಿದರೆ ಗುಟ್ಟು ಬೇಗ ತಿಳಿಯುತ್ತದೆ. ಮೂರು ಅಂಕಿಗಳನ್ನು ತಿರುವಿ ಕಳೆದಾಗ ನಡುವಿನ ಅಂಕಿಯು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಉಳಿಯುವುದು ದೊಡ್ಡ ಅಂಕಿಗೂ ಸಣ್ಣ ಅಂಕಿಗೂ ಇರುವ ಅಂತರದ 99 ಪಟ್ಟು. ಆ ಅಂತರವು 1ರಿಂದ 9ರವರೆಗೆ ಮಾತ್ರ ಇರಬಲ್ಲದು. ಆದ್ದರಿಂದ ಮೊದಲ ಹೆಜ್ಜೆಯಲ್ಲಿಯೇ ಒಂಬತ್ತು ಉತ್ತರಗಳ ಹೊರತು ಹತ್ತನೆಯದು ಸಾಧ್ಯವಿಲ್ಲ. 99ರಿಂದ 891, ಅದರಿಂದ 792, ಅದರಿಂದ 693, ಅದರಿಂದ 594, ಅದರಿಂದ 495. ಉಳಿದವೂ ಇದೇ ಸಾಲಿನಲ್ಲಿ ಸೇರಿಕೊಳ್ಳುತ್ತವೆ, 495 ಅಲ್ಲಿಯೇ ನಿಲ್ಲುತ್ತದೆ. ನಾಲ್ಕು ಅಂಕಿಗಳಲ್ಲಿ ಹೊರಗಿನ ಎರಡು ಅಂಕಿಗಳ ಅಂತರದ 999 ಪಟ್ಟಿಗೆ ಒಳಗಿನ ಎರಡರ ಅಂತರದ 90 ಪಟ್ಟನ್ನು ಕೂಡಿಸಿದಷ್ಟು ಶೇಷವು ಬರುತ್ತದೆ. ಒಳಗಿನ ಅಂತರವು ಹೊರಗಿನದನ್ನು ಮೀರಲಾರದಾದುದರಿಂದ ಸಾಧ್ಯವಾದ ಶೇಷಗಳು ಕೇವಲ 54. ಎಂಟೊಂಬತ್ತು ಸಾವಿರ ದಾರಿಗಳು ಒಂದೇ ಹೆಜ್ಜೆಗೆ ಐವತ್ತನಾಲ್ಕಾಗುತ್ತವೆ. ಅವನ್ನು ಮಳೆಗಾಲದ ಒಂದು ಮಧ್ಯಾಹ್ನ ಕುಳಿತು ನಮ್ಮ ಎಂಟನೆಯ ಇಯತ್ತೆಯ ಹುಡುಗನೂ ಪರೀಕ್ಷಿಸಬಹುದು. ಗುಟ್ಟು ತಿಳಿದ ಮೇಲೂ ಬೆರಗು ಪೂರ್ತಿ ಹೋಗುವುದಿಲ್ಲ. ಏಕೆಂದರೆ ಎರಡು ಅಂಕಿಗಳಿಗೆ ಇಂತಹ ನಿಲ್ದಾಣವಿಲ್ಲ. 9, 81, 63, 27, 45 ಎಂದು ಸುತ್ತುತ್ತಲೇ ಇರಬೇಕು. ಐದು ಅಂಕಿಗಳಿಗೂ ಇಲ್ಲ. ಆರು ಅಂಕಿಗಳಿಗೆ 549945 ಮತ್ತು 631764 ಎಂದು ಎರಡಿವೆ. ಒಂಬತ್ತು ಅಂಕಿಗಳಲ್ಲಿ 864197532 ಎಂಬ ಸಂಖ್ಯೆಯಿದೆ. 987654321ರಿಂದ 123456789ನ್ನು ಕಳೆದರೆ ಬರುವುದು ಅದೇ, ಮತ್ತು ಅದರಲ್ಲಿ ಒಂದರಿಂದ ಒಂಬತ್ತರವರೆಗಿನ ಪ್ರತಿಯೊಂದು ಅಂಕಿಯೂ ಒಂದೊಂದೇ ಸಲ ಬಂದಿದೆ!

1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಕಾಪ್ರೇಕರರು ತಮ್ಮ ಸಂಖ್ಯೆಯನ್ನು ವಿದ್ವಾಂಸರ ಮುಂದಿಟ್ಟರು. ಆದರೆ ನಮ್ಮ ದೇಶದ ಗಣಿತಜ್ಞರಲ್ಲಿ ಹಲವರು ಅವರ ಶೋಧಗಳನ್ನು ಕಂಡು ನಕ್ಕರು. ಇವು ಮಕ್ಕಳ ಆಟ, ಗಣಿತವಲ್ಲವೆಂಬುದು ಅವರ ಭಾವನೆ. ಪ್ರತಿಷ್ಠಿತ ಪತ್ರಿಕೆಗಳಲ್ಲಿ ಸುಲಭವಾಗಿ ಸ್ಥಳ ದೊರೆಯದಾದುದರಿಂದ ಶಿಕ್ಷಕರು ಸಣ್ಣ ಸಣ್ಣ ಪುಸ್ತಿಕೆಗಳನ್ನು ಖಾಸಗಿಯಾಗಿ ಅಚ್ಚು ಮಾಡಿಸಿದರು.

ನಕ್ಕವರೆಲ್ಲ ಅವಿವೇಕಿಗಳೆಂದು ತಿಳಿಯಬಾರದು. ಶ್ರೀನಿವಾಸ ರಾಮಾನುಜನ್ನರನ್ನು ಕೇಂಬ್ರಿಜ್ಜಿಗೆ ಕರೆಸಿಕೊಂಡ ಹಾರ್ಡಿಯವರೇ 1940ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಇಂತಹ ವಿಷಯಗಳನ್ನು ಎತ್ತಿಕೊಂಡಿದ್ದಾರೆ. 8712 ಎಂಬುದು ತನ್ನನ್ನು ತಿರುಗಿಸಿ ಬರೆದ 2178ರ ನಾಲ್ಕು ಪಟ್ಟು, 9801 ಎಂಬುದು 1089ರ ಒಂಬತ್ತು ಪಟ್ಟು. ನಾಲ್ಕು ಅಂಕಿಗಳಲ್ಲಿ ಇಂತಹವು ಇವೆರಡೇ. ಇವು ವೃತ್ತಪತ್ರಿಕೆಯ ಒಗಟಿನ ಅಂಕಣಕ್ಕೆ ತಕ್ಕುವೇ ಹೊರತು ಗಣಿತಜ್ಞನ ಮನಸ್ಸನ್ನು ಸೆಳೆಯುವ ಗುಣ ಅವುಗಳಲ್ಲಿಲ್ಲವೆಂದು ಹಾರ್ಡಿಯವರು ತೀರ್ಮಾನಿಸಿದರು. ಈ ಆಕ್ಷೇಪಣೆಗೆ ಆಧಾರವುಂಟು. ನಾವು ಹತ್ತರ ಗುಂಪುಗಳಲ್ಲಿ ಎಣಿಸುವುದು ನಮಗೆ ಹತ್ತು ಬೆರಳುಗಳಿರುವುದರಿಂದ. ಎಂಟರ ಗುಂಪುಗಳಲ್ಲಿ ಎಣಿಸುವ ಜನರಿದ್ದರೆ ಅವರು ನಮ್ಮ 6174ನ್ನು 14036 ಎಂದು ಐದು ಅಂಕಿಗಳಲ್ಲಿ ಬರೆಯುತ್ತಿದ್ದರು. ಕಾಪ್ರೇಕರರ ಚಮತ್ಕಾರವು ಅಲ್ಲಿ ಕಾಣಿಸುತ್ತಿರಲಿಲ್ಲ. ಅವರ ಶೋಧಗಳೆಲ್ಲ ಸಮಾನವಾದ ಬೆಲೆಯುಳ್ಳವೆಂದು ನಾನೂ ಹೇಳಲಾರೆನು. ಆದರೆ ಬರಹದ ಆಕಸ್ಮಿಕದಂತೆ ಕಾಣುವ ಸಂಗತಿಯ ಕೆಳಗೂ ಒಮ್ಮೊಮ್ಮೆ ಗಟ್ಟಿಯಾದ ನೆಲವು ಸಿಗುತ್ತದೆ. ಅದಕ್ಕೆ ಕಾಪ್ರೇಕರ ಸಂಖ್ಯೆಗಳೆಂದು ಹೆಸರಾದವುಗಳೇ ಸಾಕ್ಷಿ.

ಬಿರುಗಾಳಿಯಲ್ಲಿ ಮುರಿದುಬಿದ್ದ ರೈಲ್ವೆಯ ಹಲಗೆಯೊಂದರ ಮೇಲೆ 3025 ಎಂಬ ಸಂಖ್ಯೆಯು 30 ಮತ್ತು 25 ಎಂದು ಇಬ್ಭಾಗವಾದುದನ್ನು ಕಾಪ್ರೇಕರರು ಕಂಡರೆಂದು ಒಂದು ಕಥೆ ಹೇಳುತ್ತಾರೆ. 30ಕ್ಕೆ 25ನ್ನು ಕೂಡಿಸಿದರೆ 55. 55ರ ವರ್ಗವು ಮತ್ತೆ 3025. ಇದೇ ಲೆಕ್ಕವು ಹರಿದ ಚೀಟಿಯ ಒಗಟಾಗಿ ಡ್ಯೂಡನಿಯವರ 1917ರ ಇಂಗ್ಲಿಷ್ ಪುಸ್ತಕದಲ್ಲಿಯೂ ಇರುವುದರಿಂದ ಹಲಗೆಯ ಕಥೆಯನ್ನು ನಾನು ಪೂರ್ತಿ ನಂಬಲಾರೆ. ಒಗಟನ್ನು ಬಿಡಿಸಿ ಕೈತೊಳೆದುಕೊಳ್ಳದೆ ಅಂತಹ ಸಂಖ್ಯೆಗಳ ಸಾಲನ್ನೇ ಹಿಡಿದು ಹೋದುದು ಕಾಪ್ರೇಕರರ ಹೆಚ್ಚುಗಾರಿಕೆ. 45ರ ವರ್ಗ 2025. 20ಕ್ಕೆ 25 ಕೂಡಿದರೆ 45. 297ರ ವರ್ಗ 88209. 88ಕ್ಕೆ 209 ಕೂಡಿದರೆ 297. 2223ರ ವರ್ಗ 4941729. ಇದನ್ನು ಒಡೆದರೆ 494 ಮತ್ತು 1729, ಕೂಡಿದರೆ 2223. ಈ 1729 ರಾಮಾನುಜನ್ನರ ಹೆಸರಿನೊಡನೆ ಬೆರೆತುಹೋದ ಸಂಖ್ಯೆಯೇ. ಎರಡು ಘನಗಳ ಮೊತ್ತವಾಗಿ ಎರಡು ವಿಧದಿಂದ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ. 7777ರ ವರ್ಗವಾದ 60481729ರಲ್ಲಿಯೂ ಅದೇ ಬಾಲವಿದೆ. 6048ಕ್ಕೆ 1729 ಕೂಡಿದರೆ 7777. ಆರು ಅಂಕಿಗಳ 142857ಕ್ಕೂ ಈ ಗುಣವುಂಟು: ಅದರ ವರ್ಗ 20408122449, ಅದರ ಎರಡು ತುಂಡುಗಳು 20408 ಮತ್ತು 122449. ಏಳರಿಂದ ಒಂದನ್ನು ಭಾಗಿಸಿದಾಗ ದಶಾಂಶದಲ್ಲಿ ಮರಳಿ ಮರಳಿ ಬರುವ ಅಂಕಿಗಳೂ ಇವೇ ಅಲ್ಲವೆ?

ಈಗ ಕಾರಣವನ್ನು ನೋಡಿರಿ. 45ನ್ನು 9ರಿಂದ ಭಾಗಿಸಬಹುದು, 11ರಿಂದ ಭಾಗಿಸಿದರೆ ಶೇಷ 1. 55ನ್ನು 11ರಿಂದ ಭಾಗಿಸಬಹುದು, 9ರಿಂದ ಭಾಗಿಸಿದರೆ ಶೇಷ 1. 9 ಮತ್ತು 11ರ ಗುಣಲಬ್ಧವೇ 99. ವರ್ಗವನ್ನು ಎರಡೆರಡು ಅಂಕಿಗಳಾಗಿ ಒಡೆದು ಕೂಡಿಸುವುದೆಂದರೆ 99ರ ಪಟ್ಟುಗಳನ್ನು ಅದರಿಂದ ತೆಗೆದುಹಾಕುವುದೆಂದೇ ಅರ್ಥ. ಹಾಗಾಗಿ 99, 999, 9999 ಮುಂತಾದ ಸಂಖ್ಯೆಗಳನ್ನು ಪರಸ್ಪರ ಸಾಮಾನ್ಯ ಅಪವರ್ತನವಿಲ್ಲದ ಎರಡು ಭಾಗಗಳಾಗಿ ಎಷ್ಟು ಬಗೆಯಲ್ಲಿ ಒಡೆಯಬಹುದೋ ಅದರ ಮೇಲೆ ಕಾಪ್ರೇಕರ ಸಂಖ್ಯೆಗಳ ಎಣಿಕೆಯು ನಿಂತಿದೆ. 45 ಮತ್ತು 55 ಸೇರಿ 100, 297 ಮತ್ತು 703 ಸೇರಿ 1000, 2223 ಮತ್ತು 7777 ಸೇರಿ 10000 ಎಂದು ಜೋಡಿಜೋಡಿಯಾಗಿ ಅವು ಇರುವುದಕ್ಕೂ ಕಾರಣವಿದೇ. ಡಗ್ಲಸ್ ಯಾನುಚಿ ಎಂಬ ವಿದ್ವಾಂಸರು 2000ದಲ್ಲಿ ಇದನ್ನು ಕ್ರಮಬದ್ಧವಾಗಿ ನಿರೂಪಿಸಿದರು. ಒಗಟಿನ ಅಂಕಣದಿಂದ ಹೊರಟ ದಾರಿಯು ಅಪವರ್ತನಗಳ ಶುದ್ಧ ಗಣಿತಕ್ಕೆ ಬಂದು ಸೇರಿತು.

ಕಾಪ್ರೇಕರರು ಹೆಸರಿಡುವುದರಲ್ಲಿಯೂ ರಸಿಕರು. ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಯನ್ನು ಹರ್ಷದ ಸಂಖ್ಯೆ, ಎಂದರೆ ಹರ್ಷವನ್ನು ಕೊಡುವ ಸಂಖ್ಯೆಯೆಂದು ಕರೆದರು. 6174 ಹರ್ಷದವೇ: ಅಂಕಿಗಳ ಮೊತ್ತ 18, ಭಾಗಲಬ್ಧ 343, ಅದು 7ರ ಘನ. ಆ 343 ಎಂಬುದು 1, 18 ಮತ್ತು 18ರ ವರ್ಗವಾದ 324 ಇವುಗಳ ಮೊತ್ತವೂ ಆಗಿರುವುದರಿಂದ, 18ಕ್ಕೆ ಅದರ ವರ್ಗವನ್ನೂ ಘನವನ್ನೂ ಕೂಡಿಸಿದರೆ ಬರುವುದು 6174. ಇನ್ನೊಂದು ಜಾತಿಗೆ ಅವರು ತಮ್ಮ ಊರಿನ ಹೆಸರನ್ನೇ ಇಟ್ಟರು. ಯಾವುದೇ ಸಂಖ್ಯೆಗೆ ಅದರ ಅಂಕಿಗಳ ಮೊತ್ತವನ್ನು ಕೂಡಿಸಿದರೆ ಇನ್ನೊಂದು ಸಂಖ್ಯೆ ಹುಟ್ಟುತ್ತದೆ. 1884ಕ್ಕೆ 21 ಕೂಡಿ 1905 ಹುಟ್ಟಿದಂತೆ. ಆದರೆ ಕೆಲವು ಸಂಖ್ಯೆಗಳಿಗೆ ಹೀಗೆ ಜನಕನೇ ಇಲ್ಲ. 1, 3, 5, 7, 9, 20, 31, 42, 53 ಇಂತಹವು. ಇವೇ ಸ್ವಯಂಭೂ ಸಂಖ್ಯೆಗಳು, ದೇವಳಾಲಿ ಸಂಖ್ಯೆಗಳು. 1974, 1985, 1996, 2007 ಎಂದು ಹನ್ನೊಂದರ ಅಂತರದಲ್ಲಿ ಸ್ವಯಂಭೂ ವರ್ಷಗಳು ಬಂದವು. 2018ಕ್ಕೆ ಮಾತ್ರ ಆ ಸಾಲು ಕಡಿಯಿತು, ಏಕೆಂದರೆ 2008 ಅದಕ್ಕೆ ಜನಕನಾಗಿ ನಿಂತಿದೆ.

1962ರಲ್ಲಿ ಅವರು ನಿವೃತ್ತರಾದರು. 1966ರಲ್ಲಿ ಪತ್ನೀವಿಯೋಗವಾಯಿತು. ಬರುತ್ತಿದ್ದ ನಿವೃತ್ತಿವೇತನವು ಅತಿ ಮಿತವ್ಯಯಿಯಾದ ಅವರ ಜೀವನಕ್ಕೂ ಸಾಲದೆ, ಮಕ್ಕಳಿಗೆ ಗಣಿತ ವಿಜ್ಞಾನಗಳ ಮನೆಪಾಠ ಹೇಳಿ ಕಾಲ ಹಾಕಬೇಕಾಯಿತು. ಪಾಠಗಳಿಗೆ ತಾಸುಗಟ್ಟಲೆ ಹೋದಷ್ಟೂ ಸಂಖ್ಯೆಗಳಿಗೆ ಉಳಿಯುವ ವೇಳೆ ಕಡಮೆ. ಹಾಗಿದ್ದರೂ ಕೆಲಸವು ನಿಲ್ಲಲಿಲ್ಲ. 1975ರ ಮಾರ್ಚಿನಲ್ಲಿ ಅಮೆರಿಕದ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಗಣಿತವಿನೋದದ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ ಎಂಬ ಪ್ರಸಿದ್ಧ ಲೇಖಕರು ದೇವಳಾಲಿಯ ಶಿಕ್ಷಕರನ್ನೂ ಅವರ ಸಂಖ್ಯೆಗಳನ್ನೂ ಪರಿಚಯಿಸಿದರು. ಅದುವರೆಗೆ ಖಾಸಗಿ ಪುಸ್ತಿಕೆಗಳಲ್ಲಿದ್ದ ವಿಷಯವು ದೇಶದೇಶಗಳ ವಾಚಕರ ಕೈಸೇರಿತು. ಆಗ ಕಾಪ್ರೇಕರರಿಗೆ ಎಪ್ಪತ್ತು ವರ್ಷ.

1982ರಲ್ಲಿ ಇಟಲಿಯ ಗಣಿತಜ್ಞ ಝನ್ನಿಯೆರ್ ಸ್ವಯಂಭೂ ಸಂಖ್ಯೆಗಳು ಎಷ್ಟು ದಟ್ಟವಾಗಿ ಹರಡಿವೆಯೆಂಬುದನ್ನು ಕುರಿತು ಪ್ರಬಂಧ ಬರೆದರು. 1993ರಲ್ಲಿ ಕೂಪರ್ ಮತ್ತು ಕೆನಡಿ ಎಂಬಿಬ್ಬರು, ಒಂದರ ಬೆನ್ನಿಗೆ ಒಂದರಂತೆ ಇಪ್ಪತ್ತೊಂದು ಹರ್ಷದ ಸಂಖ್ಯೆಗಳು ಎಲ್ಲಿಯೂ ಬರಲಾರವೆಂದು ಸಿದ್ಧಪಡಿಸಿದರು, ಇಪ್ಪತ್ತು ಬರಬಲ್ಲವು. ಈ ಎರಡನೆಯ ಸುದ್ದಿಯನ್ನು ಕೇಳುವ ಭಾಗ್ಯವು ಶಿಕ್ಷಕರಿಗೆ ಇರಲಿಲ್ಲ. ನಿವೃತ್ತಿಯ ಬಳಿಕವೂ ಊರನ್ನು ಬಿಡದೆ ಇದ್ದ ಅವರು 1986ರಲ್ಲಿ ದೇವಳಾಲಿಯಲ್ಲಿಯೇ ತೀರಿಕೊಂಡರು.